ಅಳೆದು ಎಣಿಸುವ ದಾರಿ ತೋರಿದ ಅವೊಗಾಡ್ರೊ

6.022 × 10²³. ನಮ್ಮ ಶಾಲೆಯಲ್ಲಿ ವಿಜ್ಞಾನ ಓದಿದವರು ಇದನ್ನು ಬಾಯಿಪಾಠ ಮಾಡಿಯೇ ಮಾಡಿರುತ್ತಾರೆ. ಆದರೆ ಅವೊಗಾಡ್ರೊ ಸಂಖ್ಯೆಯನ್ನು ಲೆಕ್ಕ ಹಾಕಿದ್ದು ಅವೊಗಾಡ್ರೊ ಅಲ್ಲ. ಅದಕ್ಕೆ ತಮ್ಮ ಹೆಸರು ಬಂದದ್ದೂ ಅವರಿಗೆ ತಿಳಿಯಲಿಲ್ಲ.

ಅಮೆಡಿಯೊ ಅವೊಗಾಡ್ರೊ 1776ರ ಆಗಸ್ಟ್ 9ರಂದು ಇಟಲಿಯ ಟ್ಯೂರಿನ್ ನಗರದಲ್ಲಿ ಹುಟ್ಟಿದರು. ಮನೆತನದ ವೃತ್ತಿ ವಕೀಲಿ. ಅವರೂ ಇಪ್ಪತ್ತರ ವಯಸ್ಸಿಗೇ ಕಾನೂನು ಪದವಿ ಪಡೆದು ಕೆಲಕಾಲ ಅದೇ ಕೆಲಸ ಮಾಡಿದರು. ಗಣಿತ, ಭೌತಶಾಸ್ತ್ರ ಕಲಿತದ್ದು ಆಮೇಲೆ, ಸ್ವಂತ ಆಸಕ್ತಿಯಿಂದ. 1809ರಲ್ಲಿ ವೆರ್ಚೆಲ್ಲಿ ಎಂಬ ಊರಿನಲ್ಲಿ ಮೇಷ್ಟರಾದರು.

ಆಗ ರಸಾಯನಶಾಸ್ತ್ರಜ್ಞರಿಗೆ ಒಂದು ತೊಡಕಿತ್ತು. ಎರಡು ಲೀಟರ್ ಹೈಡ್ರೋಜನ್ ಒಂದು ಲೀಟರ್ ಆಕ್ಸಿಜನ್ ಜೊತೆ ಸೇರಿದರೆ ಎರಡು ಲೀಟರ್ ನೀರಾವಿ ಆಗುತ್ತದೆ. ಆಕ್ಸಿಜನ್ನಿನ ಒಂದೊಂದು ಕಣವೂ ನೀರಿನ ಎರಡು ಕಣಗಳಿಗೆ ಹಂಚಿಕೆಯಾಗಬೇಕು. ಪರಮಾಣು ಒಡೆಯದು ಎನ್ನುತ್ತಿದ್ದ ಡಾಲ್ಟನ್ ಇದನ್ನು ಒಪ್ಪಲಿಲ್ಲ. 1811ರಲ್ಲಿ ಅವೊಗಾಡ್ರೊ ಗಂಟು ಬಿಡಿಸಿದರು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ. ಆಕ್ಸಿಜನ್ ಅಣುವಿನಲ್ಲಿ ಎರಡು ಪರಮಾಣುಗಳಿವೆ, ಒಡೆಯುವುದು ಅಣು, ಪರಮಾಣುವಲ್ಲ.

ಇದರಿಂದ ಕಣ್ಣಿಗೆ ಕಾಣದ್ದನ್ನು ಎಣಿಸುವ ದಾರಿ ತೆರೆಯಿತು. ಒಂದು ಲೀಟರ್ ಆಕ್ಸಿಜನ್ ಒಂದು ಲೀಟರ್ ಹೈಡ್ರೋಜನ್ನಿಗಿಂತ 16 ಪಟ್ಟು ತೂಗಿದರೆ, ಅದರ ಒಂದು ಅಣುವೂ 16 ಪಟ್ಟು ಭಾರ. ಹಾಗಾಗಿ 2 ಗ್ರಾಂ ಹೈಡ್ರೋಜನ್, 32 ಗ್ರಾಂ ಆಕ್ಸಿಜನ್ ಎರಡರಲ್ಲೂ ಅಷ್ಟಷ್ಟೇ ಅಣುಗಳು. ಮುಂದೆ ಮೋಲ್ ಎಂದು ಹೆಸರಾದದ್ದು ಇದೇ.

ಸಿರುಗುಪ್ಪ, ಕುರುಗೋಡು ಕಡೆ ಭತ್ತವನ್ನು ಯಾರೂ ಕಾಳು ಎಣಿಸಿ ಮಾರುವುದಿಲ್ಲ, ಚೀಲದ ಲೆಕ್ಕ. ಮೋಲ್ ಕೂಡ ಒಂದು ಚೀಲವೇ. ಭತ್ತದ ಚೀಲಕ್ಕೆ ತೂಕ ನಿಗದಿ, ಈ ಚೀಲಕ್ಕೆ ಕಾಳಿನ ಸಂಖ್ಯೆ ನಿಗದಿ, ಅಷ್ಟೇ ವ್ಯತ್ಯಾಸ. 18 ಗ್ರಾಂ ನೀರು ಒಂದು ಚೀಲ. 9 ಗ್ರಾಂ ಅರ್ಧ ಚೀಲ, ಅಂದರೆ 3.011 × 10²³ ಅಣುಗಳು. ಮೋಲ್‌ನಿಂದ ಕಣಕ್ಕೆ ಹೋಗಲು ಗುಣಿಸಬೇಕು, ಕಣದಿಂದ ಮೋಲ್‌ಗೆ ಬರಲು ಭಾಗಿಸಬೇಕು. ಪರೀಕ್ಷೆಯಲ್ಲಿ ಮಕ್ಕಳು ತಡವರಿಸುವುದು ಇಲ್ಲೇ. ನಮ್ಮ ಬಳ್ಳಾರಿ ಸೀಮೆಯ ಅದಿರಿನ ಲೆಕ್ಕವೂ ಇದರ ಮೇಲೇ ನಿಂತಿದೆ: ಹೆಮಟೈಟ್‌ನ ಒಂದು ಮೋಲ್ 160 ಗ್ರಾಂ, ಅದರಲ್ಲಿ ಕಬ್ಬಿಣ ಎರಡು ಮೋಲ್, 112 ಗ್ರಾಂ. ಹೀಗೆ ಶುದ್ಧ ಹೆಮಟೈಟ್‌ನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಕಬ್ಬಿಣ.

ಇಷ್ಟು ದೊಡ್ಡ ಮಾತನ್ನು ಜಗತ್ತು ಸುಮಾರು ಐವತ್ತು ವರ್ಷ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೇ ಬಗೆಯ ಎರಡು ಪರಮಾಣುಗಳು ಕೂಡಿಕೊಳ್ಳಲಾರವು ಎಂಬುದು ಆಗಿನ ದೊಡ್ಡವರ ನಂಬಿಕೆ. 1820ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರೂ, ಮರುವರ್ಷದ ರಾಜಕೀಯ ದಂಗೆಯ ನಂತರ ಅವೊಗಾಡ್ರೊ ಆ ಹುದ್ದೆ ಕಳೆದುಕೊಂಡರು. ಅದು ಮತ್ತೆ ಸಿಕ್ಕಿದ್ದು 1834ರಲ್ಲಿ. 1850ರವರೆಗೆ ಪಾಠ ಮಾಡಿ, 1856ರ ಜುಲೈ 9ರಂದು ತೀರಿಕೊಂಡರು.

ನಾಲ್ಕು ವರ್ಷದ ನಂತರ, ಜರ್ಮನಿಯ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಅವರದೇ ದೇಶದ ಕನ್ನಿಜ್ಜಾರೊ ಈ ವಿಚಾರವನ್ನು ಎತ್ತಿಹಿಡಿದರು. ಅಲ್ಲಿ ಹಂಚಿದ ಅವರ ಕಿರುಹೊತ್ತಿಗೆ ಓದಿ ಹಲವರ ಮನಸ್ಸು ತಿರುಗಿತು. 1909ರಲ್ಲಿ ಫ್ರಾನ್ಸಿನ ಜಾನ್ ಪೆರಾನ್ ಆ ಸಂಖ್ಯೆಗೆ ಅವೊಗಾಡ್ರೊ ಹೆಸರಿಟ್ಟರು.