ಹಳೇ ಪ್ಯಾರಿಸ್‌ನ ಅಂಗಡಿ, ಬೋರ್ಡು, ಬೀದಿ ಉಳಿಸಿದ ಯೂಜೀನ್ ಅಟ್ಜೆ

ಊರಿನ ಹಳೇ ಫೋಟೊ ಒಂದು ವಾಟ್ಸಾಪ್ ಗ್ರೂಪಿಗೆ ಬಂದರೆ ಸಾಕು, ಹತ್ತು ನಿಮಿಷದಲ್ಲಿ ವಾದ ಶುರು. ಇದು ಪೇಟೆ ಬೀದಿನಾ, ಸಂತೆ ಬೀದಿನಾ? ಯಾವ ವರ್ಷದ್ದು? ಆ ಅಂಗಡಿ ಯಾರದು? ಫೋಟೊ ಎಲ್ಲರ ಮೊಬೈಲಿಗೂ ತಲುಪಿರುತ್ತೆ, ಉತ್ತರ ಮಾತ್ರ ಯಾರ ಹತ್ತಿರವೂ ಇರಲ್ಲ. ಆದರೆ ನೂರು ವರ್ಷಕ್ಕೂ ಹಿಂದೆ ಪ್ಯಾರಿಸ್‌ನಲ್ಲಿ ತೆಗೆದ ಸಾವಿರಾರು ಫೋಟೊಗಳಿಗೆ ಇವತ್ತೂ ಬೀದಿ ಹೆಸರು, ಬಾಗಿಲು ನಂಬರ್ ಸಮೇತ ಉತ್ತರ ಸಿಗುತ್ತೆ. ಅವನ್ನು ತೆಗೆದವರು ಯೂಜೀನ್ ಅಟ್ಜೆ.

ಅಟ್ಜೆ ಹುಟ್ಟಿದ್ದು 1857ರ ಫೆಬ್ರವರಿ 12ರಂದು, ಫ್ರಾನ್ಸಿನ ಬೋರ್ಡೋ ನಗರದ ಹತ್ತಿರದ ಲಿಬೂರ್ನ್ ಎಂಬ ಊರಲ್ಲಿ. ಚಿಕ್ಕ ವಯಸ್ಸಲ್ಲೇ ತಂದೆ-ತಾಯಿ ಇಬ್ಬರೂ ತೀರಿಕೊಂಡರು. ಅಜ್ಜ-ಅಜ್ಜಿಯ ಮನೆಯಲ್ಲಿ ಬೆಳೆದರು. ಯೌವನದಲ್ಲಿ ಹಡಗಿನ ಕೆಲಸಕ್ಕೆ ಹೋದರು. ಆಮೇಲೆ ಹತ್ತಿದ್ದು ನಾಟಕದ ಹುಚ್ಚು. 1879ರಲ್ಲಿ ಪ್ಯಾರಿಸ್‌ನ ಸರ್ಕಾರಿ ನಾಟಕ ಶಾಲೆಗೆ ಸೇರಿದರು. ಅದೇ ಹೊತ್ತಿಗೆ ಸೈನ್ಯದ ಕಡ್ಡಾಯ ಸೇವೆಯೂ ಇತ್ತು. ಎರಡನ್ನೂ ನಿಭಾಯಿಸೋಕೆ ಆಗಲಿಲ್ಲ, 1881ರಲ್ಲಿ ಶಾಲೆಯಿಂದ ಹೊರಬಿದ್ದರು.

ಕೋರ್ಸ್ ಮುಗಿಯದಿದ್ದರೂ ನಾಟಕ ಬಿಡಲಿಲ್ಲ. ಊರೂರು ಸುತ್ತುವ ಕಂಪನಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದರು. ಆ ದಿನಗಳಲ್ಲೇ ನಟಿ ವಾಲೆಂಟೀನ್ ಜೊತೆಯಾದರು, ಜೀವನ ಪೂರ್ತಿ ಜೊತೆಗೇ ಇದ್ದರು. ಗಂಟಲಿನ ತೊಂದರೆ ಬಂದ ಮೇಲೆ ಅಟ್ಜೆಗೆ ನಟನೆ ಕಷ್ಟವಾಯ್ತು. ಮೂವತ್ತು ದಾಟಿದ ಮೇಲೆ ಹೊಟ್ಟೆಪಾಡಿಗೆ ಅಂತ ಹಿಡಿದಿದ್ದೇ ಕ್ಯಾಮೆರಾ.

ಮದುವೆ ಫೋಟೊ, ಸ್ಟುಡಿಯೋ ಫೋಟೊ ಅವರ ದಾರಿ ಆಗಿರಲಿಲ್ಲ. ಚಿತ್ರಕಾರರಿಗೆ, ಕುಶಲಕರ್ಮಿಗಳಿಗೆ ಮಾದರಿಯಾಗಿ ಬೇಕಾಗುವ ಮರ, ಗಿಡ, ಬಾಗಿಲು, ಕಬ್ಬಿಣದ ಕುಸುರಿ ಇಂಥವುಗಳ ಫೋಟೊ ತೆಗೆದು ಮಾರ್ತಿದ್ದರು. ಅದು ಅವರ ವ್ಯಾಪಾರ.

1897ರ ಸುಮಾರಿಗೆ ಗಮನ ಹಳೇ ಪ್ಯಾರಿಸ್ ಕಡೆ ತಿರುಗಿತು. ಅದಕ್ಕೂ ಕೆಲವು ದಶಕಗಳ ಹಿಂದೆಯೇ ಅಗಲವಾದ ರಸ್ತೆಗಳಿಗಾಗಿ ಪ್ಯಾರಿಸ್‌ನ ಹಳೇ ಗಲ್ಲಿಗಳನ್ನು ದೊಡ್ಡ ಪ್ರಮಾಣದಲ್ಲಿ ಕೆಡವಿ ಹಾಕಿದ್ದರು. ಉಳಿದಿದ್ದೂ ಒಂದೊಂದಾಗಿ ಹೋಗ್ತಾ ಇತ್ತು. ಹಳೇ ಊರಿನ ಚಿತ್ರ ಬೇಕು ಅಂತ ಲೈಬ್ರರಿ, ಮ್ಯೂಸಿಯಂಗಳು ಕೊಳ್ಳೋಕೆ ತಯಾರಿದ್ದವು. ಅಟ್ಜೆ ಇದನ್ನೇ ಕಸುಬು ಮಾಡಿಕೊಂಡರು.

ಮರದ ದೊಡ್ಡ ಕ್ಯಾಮೆರಾ, ಸ್ಟ್ಯಾಂಡು, 18 ಸೆಂ.ಮೀ. ಅಗಲ 24 ಸೆಂ.ಮೀ. ಉದ್ದದ ಗಾಜಿನ ಪ್ಲೇಟುಗಳು. ಇಷ್ಟೂ ಭಾರ ಹೊತ್ತುಕೊಂಡು ಬೆಳಗಿನ ಜಾವ ಹೊರಡ್ತಿದ್ದರು. ಬೆಳಕು ಬೀಳೋಕೆ ಲೆನ್ಸ್ ತುಂಬಾ ಹೊತ್ತು ತೆರೆದಿಡಬೇಕಿತ್ತು, ಹಾಗಾಗಿ ಓಡಾಡುವ ಜನ ಫೋಟೊದಲ್ಲಿ ಮಸುಕು ನೆರಳಿನಂತೆ ಕಾಣ್ತಾರೆ, ಇಲ್ಲಾ ಕಾಣೋದೇ ಇಲ್ಲ.

ನಮ್ಮ ಅಂಗಡಿ ಮಾಲೀಕರು ನೋಡಲೇಬೇಕಾದ್ದು ಅಟ್ಜೆ ತೆಗೆದ ಅಂಗಡಿಗಳ ಫೋಟೊ. ಹೋಟೆಲಿನ ಮುಂಬಾಗಿಲು, ಹಳೇ ಬೋರ್ಡು, ಮುಂದೆ ಜೋಡಿಸಿಟ್ಟ ತರಕಾರಿ, ನೇತುಹಾಕಿದ ಬಟ್ಟೆ, ಬೀದಿ ಸುತ್ತಿ ದೀಪದ ಮುಸುಕು ಮಾರುವವನು ಎಲ್ಲಾ ಅದರಲ್ಲಿವೆ. ಹಳೇ ಅಂಗಡಿ-ಬೋರ್ಡುಗಳಿಗೇ ಒಂದು ಪೂರ್ತಿ ಆಲ್ಬಂ ಮಾಡಿದರು. 1908ರಲ್ಲಿ ಸೇನ್ ನದಿ ದಂಡೆಯ ಒಂದು ಹೋಟೆಲಿನ ಬಾಗಿಲನ್ನು ತೆಗೆದ ಫೋಟೊದಲ್ಲಿ ಗಾಜಿನ ಹಿಂದೆ ನಿಂತು ಇಣುಕುವ ಮುಖಗಳ ಜೊತೆ ಅಟ್ಜೆಯ ಕ್ಯಾಮೆರಾದ ಪ್ರತಿಬಿಂಬವೂ ಬಿದ್ದಿದೆ. ಚರ್ಮ ಹದ ಮಾಡುವವರು ಬಳಸುತ್ತಿದ್ದ ಬಿಯೆವ್ರ್ ಎಂಬ ಸಣ್ಣ ನದಿಯನ್ನೂ ತೆಗೆದಿದ್ದಾರೆ. ಪ್ಯಾರಿಸ್ ಒಳಗೆ ಆ ನದಿ ಈಗ ನೆಲದಡಿ ಮುಚ್ಚಿಹೋಗಿದೆ.

ಇಷ್ಟಕ್ಕೇ ಮುಗಿದಿದ್ದರೆ ಅದು ರಾಶಿ ಗಾಜು ಅಷ್ಟೇ. ಅಟ್ಜೆ ಪ್ರತಿ ನೆಗೆಟಿವ್‌ಗೆ ನಂಬರ್ ಹಾಕ್ತಿದ್ದರು. ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ಆ ನಂಬರ್ ಜೊತೆ ಜಾಗದ ಹೆಸರು, ಬೀದಿ ಬರೀತಿದ್ದರು. ವಿಷಯವಾರು ಬೇರೆ ಬೇರೆ ಕಟ್ಟು ಮಾಡಿ ಇಡ್ತಿದ್ದರು. ಒಂದು ಕಿರಾಣಿ ಅಂಗಡಿಯ ಸ್ಟಾಕ್ ಬುಕ್ಕಿನಷ್ಟು ಅಚ್ಚುಕಟ್ಟು.

ಮೊದಲ ಮಹಾಯುದ್ಧದಲ್ಲಿ ವಾಲೆಂಟೀನ್ ಅವರ ಮಗ ತೀರಿಹೋದ. ಯುದ್ಧದ ದಿನಗಳಲ್ಲಿ ಅಟ್ಜೆಯ ಕೆಲಸ ಹೆಚ್ಚೂಕಮ್ಮಿ ನಿಂತೇ ಹೋಯಿತು. 1920ರಲ್ಲಿ ಹಳೇ ಪ್ಯಾರಿಸ್‌ನ 2,600ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು 10,000 ಫ್ರಾಂಕ್‌ಗೆ ಫ್ರಾನ್ಸ್ ಸರ್ಕಾರಕ್ಕೆ ಮಾರಿದರು. ತಮ್ಮ ಕಾಲದ ನಂತರ ಅವು ಚದುರಿ ಹೋಗಬಾರದು ಅನ್ನೋದೇ ಅವರ ಚಿಂತೆಯಾಗಿತ್ತು.

ಹೆಸರಿನ ಆಸೆ ಅವರಿಗೆ ಇರಲಿಲ್ಲ. ಅದೇ ಬೀದಿಯಲ್ಲಿದ್ದ ಅಮೆರಿಕದ ಕಲಾವಿದ ಮ್ಯಾನ್ ರೇ ಈ ಫೋಟೊಗಳನ್ನು ಮೆಚ್ಚಿ ಕೊಂಡರು. 1926ರಲ್ಲಿ ಒಂದು ಪತ್ರಿಕೆಯ ಮುಖಪುಟಕ್ಕೆ ಅಟ್ಜೆಯ ಗ್ರಹಣದ ಫೋಟೊ ಬಂತು. ತಾನು ತೆಗೆದಿದ್ದು ದಾಖಲೆ ಮಾತ್ರ, ಹೆಸರು ಹಾಕೋದು ಬೇಡ ಅಂದುಬಿಟ್ಟರು ಅಟ್ಜೆ.

ಅದೇ ವರ್ಷ ವಾಲೆಂಟೀನ್ ತೀರಿಕೊಂಡರು. 1927ರ ಆಗಸ್ಟ್ 4ರಂದು ಅಟ್ಜೆಯೂ ಹೋದರು. ಮ್ಯಾನ್ ರೇ ಹತ್ತಿರ ಕೆಲಸ ಮಾಡಿದ್ದ ಬೆರೆನಿಸ್ ಅಬಟ್ ಎಂಬ ಫೋಟೊಗ್ರಾಫರ್ ಆ ವರ್ಷವೇ ಅವರ ಫೋಟೊ ತೆಗೆದಿದ್ದರು, ಪ್ರಿಂಟ್ ತೋರಿಸೋಕೆ ಹೋದಾಗ ಅಟ್ಜೆ ಇರಲಿಲ್ಲ. ಮನೆಯಲ್ಲಿ ಉಳಿದಿದ್ದ ಸಾವಿರಾರು ಪ್ರಿಂಟು, ಸಾವಿರಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಅಬಟ್ ಸಾಲಸೋಲ ಹೊಂದಿಸಿ ಕೊಂಡು ಅಮೆರಿಕಕ್ಕೆ ತಂದರು. ನಾಲ್ಕು ದಶಕ ಕಾಪಾಡಿದರು. 1968ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ ಅದನ್ನು ಕೊಂಡಿತು.

ಈಗ ಆ ಫೋಟೊ ನೋಡೋಕೆ ಪ್ಯಾರಿಸ್‌ಗೆ ಹೋಗಬೇಕಾಗಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ತನ್ನ ಗ್ಯಾಲಿಕಾ ವೆಬ್‌ಸೈಟಿನಲ್ಲಿ ಹಾಕಿದೆ. ಪ್ಯಾರಿಸ್ ನಗರದ ಮ್ಯೂಸಿಯಂಗಳು 2020ರ ಜನವರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಉಚಿತವಾಗಿ ಬಿಟ್ಟವು, ಅದರಲ್ಲೂ ಅಟ್ಜೆಯ ಫೋಟೊಗಳಿವೆ. ಬೀದಿ ಹೆಸರು ಟೈಪ್ ಮಾಡಿದರೆ ಫೋಟೊ ಸಿಗೋದು ಅವತ್ತು ಪೆನ್ಸಿಲ್‌ನಲ್ಲಿ ಬರೆದ ಆ ಒಂದು ಸಾಲಿನಿಂದ.

ರಸ್ತೆ ಅಗಲೀಕರಣಕ್ಕೆ ಕೆಂಪು ಮಾರ್ಕು ಬಿದ್ದ ಮೇಲೆ ಅಂಗಡಿ ಸಾಮಾನು ಸಾಗಿಸೋದೇ ದೊಡ್ಡ ಚಿಂತೆ, ಫೋಟೊ ಯಾರಿಗೆ ನೆನಪಾಗುತ್ತೆ? ಹಾಗಾಗಿ ಇವತ್ತೇ ಅಂಗಡಿ ಶಟರ್ ತೆಗೆದಾಗ ಎದುರು ಬದಿಗೆ ಹೋಗಿ ಬೋರ್ಡು ಪೂರ್ತಿ ಕಾಣೋ ಹಾಗೆ ಒಂದು ಫೋಟೊ ತೆಗೀರಿ. ಗ್ರೂಪಿಗೆ ಹಾಕುವಾಗ ಊರು, ಬೀದಿ, ತಾರೀಖು, ಅಂಗಡಿ ಶುರುವಾದ ವರ್ಷ ಕೆಳಗೆ ಬರೀರಿ. ಫಾರ್ವರ್ಡ್ ಆದಾಗ ಫೋಟೊ ಮಂಕಾಗುತ್ತೆ, ಮೂಲ ಪ್ರತಿ ಬೇರೆ ಕಡೆ ಜೋಪಾನ ಮಾಡಿ. ಮನೆಯ ಟ್ರಂಕಿನಲ್ಲಿರೋ ಹಳೇ ಫೋಟೊಗಳ ಹಿಂದೆಯೂ ಪೆನ್ಸಿಲ್‌ನಲ್ಲಿ ಹೆಸರು ಬರೆದಿಡಿ, ಗುರುತು ಹಿಡಿಯುವ ಹಿರಿಯರು ಮನೆಯಲ್ಲಿ ಇರುವಾಗಲೇ.