ವಾಲ್ವ್‌ಗಳನ್ನು ಆರಿಸಗೊಡದ ಟಾಮಿ ಫ್ಲವರ್ಸ್

ಸಂಚಿಕೆಗೆ ವಿಜ್ಞಾನ ಕ್ಷೇತ್ರದ ಒಬ್ಬರ ಪರಿಚಯ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ಹೊಳೆದ ಹೆಸರು ಟಾಮಿ ಫ್ಲವರ್ಸ್. ಕಂಪ್ಯೂಟರ್ ಎಂದರೆ ಅಲನ್ ಟ್ಯೂರಿಂಗ್ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ನಾನು ಇಂದು ಅನ್ನ ತಿನ್ನುತ್ತಿರುವ ಕಸುಬಿನ ಮೊದಮೊದಲ ಯಂತ್ರಗಳಲ್ಲಿ ಒಂದನ್ನು ಕಟ್ಟಿದವರು ಮಾತ್ರ ಅಂಚೆ ಇಲಾಖೆಯ ಈ ನೌಕರ.

ಫ್ಲವರ್ಸ್ ಹುಟ್ಟಿದ್ದು 1905ರ ಡಿಸೆಂಬರ್ 22ರಂದು, ಪೂರ್ವ ಲಂಡನ್ನಿನ ಪಾಪ್ಲರ್‌ನಲ್ಲಿ. ತಂದೆ ಗಾರೆ ಕೆಲಸದವರು. ಹುಡುಗ ವುಲಿಚ್‌ನ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತ, ಸಂಜೆ ತರಗತಿಗೆ ಹೋಗಿ ಲಂಡನ್ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. 1926ರಲ್ಲಿ ಅಂಚೆ ಇಲಾಖೆ ಸೇರಿದರು. ಅಲ್ಲಿ ಆಗ ಟೆಲಿಫೋನ್ ಕೂಡ ಅದೇ ಇಲಾಖೆಯದು. 1930ರಲ್ಲಿ ಡಾಲಿಸ್ ಹಿಲ್‌ನ ಸಂಶೋಧನಾ ಕೇಂದ್ರಕ್ಕೆ ಬಂದರು. ವಾಲ್ವ್‌ಗಳಿಂದಲೇ ಟೆಲಿಫೋನ್ ಎಕ್ಸ್‌ಚೇಂಜ್ ನಡೆಸಬಹುದೇ ಎಂಬುದು ಅಲ್ಲಿ ಅವರ ಪ್ರಶ್ನೆಯಾಗಿತ್ತು.

ಊರಿನ ಹಿರಿಯರಿಗೆ ವಾಲ್ವ್ ರೇಡಿಯೊ ನೆನಪಿರಬಹುದು. ಗುಂಡಿ ತಿರುಗಿಸಿದ ಮೇಲೆ ದನಿ ಬರಲು ಸ್ವಲ್ಪ ಹೊತ್ತು ಕಾಯಬೇಕಿತ್ತು. ಆ ಹೊತ್ತಿನಲ್ಲಿ ಒಳಗೊಂದು ಪುಟ್ಟ ಒಲೆ ಕಾಯುತ್ತಿತ್ತು. ಗಾಜಿನ ಬುರುಡೆಯೊಳಗಿನ ಸಣ್ಣ ನಿಕ್ಕಲ್ ಕೊಳವೆಯೇ ಕ್ಯಾಥೋಡ್. ಅದರ ಹೊರಮೈಗೆ ಬೇರಿಯಂ ಮತ್ತು ಸ್ಟ್ರಾಂಷಿಯಂ ಆಕ್ಸೈಡುಗಳ ಲೇಪ. ಸುಮಾರು 700–800 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಕಾಯಿಸುವುದು ಕೊಳವೆಯೊಳಗೆ ಮಡಚಿಟ್ಟ ತೆಳ್ಳನೆಯ ಟಂಗ್‌ಸ್ಟನ್ ತಂತಿ, ಅಂದರೆ ಹೀಟರ್. ಶಾಖ ಕೊಳವೆಗೆ ದಾಟಬೇಕು, ವಿದ್ಯುತ್ತು ದಾಟಬಾರದು. ಅದಕ್ಕೇ ತಂತಿಗೆ ಅಲ್ಯೂಮಿನಾ ಪುಡಿಯ ಗಂಜಿ ಬಳಿದು, ವಿಪರೀತ ಶಾಖದಲ್ಲಿ ಸುಟ್ಟು ಗಟ್ಟಿ ಮಾಡುತ್ತಾರೆ. ನೋಡಲು ತಂತಿಗೆ ಸುಣ್ಣ ಬಳಿದಂತಿರುತ್ತದೆ.

ತೊಂದರೆ ಇರುವುದು ಸ್ವಿಚ್ ಹಾಕುವ ಕ್ಷಣದಲ್ಲಿ. ತಣ್ಣಗಿರುವ ಟಂಗ್‌ಸ್ಟನ್ ಕರೆಂಟನ್ನು ಹೆಚ್ಚು ತಡೆಯುವುದಿಲ್ಲ. ಮಾಮೂಲಿಗಿಂತ ಹಲವು ಪಟ್ಟು ಕರೆಂಟು ನುಗ್ಗುತ್ತದೆ. ತಂತಿ, ಲೇಪ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಆರಿಸಿದಾಗ ಒಂದೇ ಅಳತೆಯಲ್ಲಿ ಕುಗ್ಗುವುದೂ ಇಲ್ಲ. ಇದೇ ನಡೆಯುತ್ತಿದ್ದರೆ ಲೇಪ ಬಿರುಕು ಬಿಡುತ್ತದೆ, ಇಲ್ಲವೇ ತಂತಿ ಕಡಿಯುತ್ತದೆ. ಮನೆಯ ಹಳದಿ ಬಲ್ಬು ಸ್ವಿಚ್ ಹಾಕಿದಾಗಲೇ ಪಟ್ಟೆಂದು ಹೋಗುತ್ತಿದ್ದುದನ್ನು ನಾವೆಲ್ಲ ಕಂಡವರೇ. ಹಗಲೂ ರಾತ್ರಿ ಆರಿಸದೆ ಬಿಟ್ಟ ವಾಲ್ವ್‌ಗಳು ಬಹುಕಾಲ ಬಾಳುತ್ತವೆ ಎಂಬುದು ಟೆಲಿಫೋನ್ ಕೆಲಸದಿಂದ ಫ್ಲವರ್ಸ್‌ಗೆ ಗೊತ್ತಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಉನ್ನತ ಮಟ್ಟದ ಸಂದೇಶಗಳು ಲೊರೆಂಜ್ ಎಂಬ ಯಂತ್ರದ ಗೂಢಲಿಪಿಯಲ್ಲಿ ಹೋಗುತ್ತಿದ್ದವು. ಅದನ್ನು ಬಿಡಿಸಲು ಬ್ಲೆಚ್ಲಿ ಪಾರ್ಕ್‌ನಲ್ಲಿ ಎರಡು ಕಾಗದದ ಪಟ್ಟಿಗಳನ್ನು ಜೊತೆಜೊತೆಗೆ ಓಡಿಸುವ ಯಂತ್ರವಿತ್ತು. ಪಟ್ಟಿಗಳು ಹಿಗ್ಗಿ ತಾಳ ತಪ್ಪುತ್ತಿದ್ದವು. ಒಂದು ಪಟ್ಟಿಯನ್ನೇ ತೆಗೆದುಹಾಕಿ ಆ ಕೆಲಸ ವಾಲ್ವ್‌ಗಳಿಗೆ ಕೊಡೋಣ ಎಂದರು ಫ್ಲವರ್ಸ್. ಅದಕ್ಕೆ ಬೇಕಾಗಿದ್ದುದು ಸಾವಿರಕ್ಕೂ ಮೀರಿದ ವಾಲ್ವ್. ಅಷ್ಟರಲ್ಲಿ ಯಾವುದಾದರೊಂದು ಸದಾ ಕೆಡುತ್ತಲೇ ಇರುತ್ತದೆ ಎಂದು ಅಲ್ಲಿನವರು ನಂಬಲಿಲ್ಲ. ಅವರು ಕಂಡಿದ್ದ ಉಪಕರಣಗಳೆಲ್ಲ ಹಾಕಿ ಆರಿಸಿ ಬಳಸುವಂಥವು. ಫ್ಲವರ್ಸ್ ವಾದಕ್ಕೆ ನಿಲ್ಲದೆ ಡಾಲಿಸ್ ಹಿಲ್‌ಗೆ ಮರಳಿದರು. ತಮ್ಮ ಸ್ವಂತ ಹಣವನ್ನೂ ಹಾಕಿ, ಸಂಗಡಿಗರೊಂದಿಗೆ ಹನ್ನೊಂದು ತಿಂಗಳಲ್ಲಿ ಸುಮಾರು 1600 ವಾಲ್ವ್‌ಗಳ ಯಂತ್ರ ಕಟ್ಟಿದರು.

ಅದೇ ಕೊಲೋಸಸ್. 1944ರ ಫೆಬ್ರವರಿಯಲ್ಲಿ ಬ್ಲೆಚ್ಲಿಯಲ್ಲಿ ಕೆಲಸಕ್ಕೆ ನಿಂತಿತು. ಸೆಕೆಂಡಿಗೆ 5000 ಅಕ್ಷರ ಓದುತ್ತಿತ್ತು. ಸರಿಹೋಗದಿದ್ದರೆ ಆಫ್ ಮಾಡಿ ಆನ್ ಮಾಡಿ ಎಂದು ನಮ್ಮಂಥವರು ದಿನಕ್ಕೆ ಹತ್ತು ಸಲ ಹೇಳುತ್ತೇವಲ್ಲ, ಆ ಸಲಹೆಗೆ ಅಲ್ಲಿ ಜಾಗವಿರಲಿಲ್ಲ. ನಂಬದಿದ್ದವರೇ ಇನ್ನಷ್ಟು ಬೇಕೆಂದರು. 2400 ವಾಲ್ವ್‌ಗಳ ಎರಡನೆಯ ಯಂತ್ರ ಜೂನ್ 1ಕ್ಕೆ ಸಿದ್ಧವಾಯಿತು, ನಾರ್ಮಂಡಿ ದಾಳಿಗೆ ಐದು ದಿನ ಮೊದಲು. ಯುದ್ಧ ಮುಗಿಯುವಾಗ ಹತ್ತು ಯಂತ್ರಗಳಿದ್ದವು.

ಆಮೇಲೆ ಬಹುಪಾಲು ಯಂತ್ರಗಳನ್ನು ಬಿಚ್ಚಿಹಾಕಿದರು. ಮೇಲಿನ ಆದೇಶದಂತೆ ಫ್ಲವರ್ಸ್ ತಮ್ಮ ನಕ್ಷೆ ಕಾಗದಗಳನ್ನು ಡಾಲಿಸ್ ಹಿಲ್‌ನ ಬಾಯ್ಲರ್ ಬೆಂಕಿಗೆ ಹಾಕಿದರು. ಸರ್ಕಾರ ಕೊಟ್ಟ ಬಹುಮಾನ 1000 ಪೌಂಡ್. ಅವರು ಹಾಕಿದ್ದ ಹಣಕ್ಕೂ ಅದು ಸಾಲದು. ಅದರಲ್ಲೇ ಸಂಗಡಿಗರಿಗೂ ಹಂಚಿದರು. ಗೋಪ್ಯತೆಯ ಕಟ್ಟು ಸಡಿಲವಾಗಿದ್ದು 1970ರ ದಶಕದಲ್ಲಿ. ಅಲ್ಲಿಯವರೆಗೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಸಾಧ್ಯ ಎಂದು ಇಲಾಖೆಯಲ್ಲಿ ವಾದಿಸುವಾಗಲೂ ತಾವು ಮಾಡಿ ತೋರಿಸಿದ್ದನ್ನು ಹೇಳಿಕೊಳ್ಳುವಂತಿರಲಿಲ್ಲ.

1993ರಲ್ಲಿ, 87ರ ವಯಸ್ಸಿನಲ್ಲಿ, ಅವರು ಹೆಂಡನ್ ಕಾಲೇಜಿನಲ್ಲಿ ಕಂಪ್ಯೂಟರ್ ಬಳಕೆಯ ಪ್ರಾಥಮಿಕ ತರಗತಿಗೆ ಸೇರಿ ಸರ್ಟಿಫಿಕೇಟ್ ಪಡೆದರು. 1998ರ ಅಕ್ಟೋಬರ್ 28ರಂದು ತೀರಿಕೊಂಡರು.