ಮಾಗಡಿ ರೋಡಿನ ಈ ತುದಿಗೆ ಹೆಸರು, ಆ ತುದಿಗೆ ಗೋರಿ

ಶ್ರೀಗಂಧದ ಕಾವಲಿನವರು ಪೇಟೆಗೆ ಹೋಗಬೇಕಾದರೆ ಸುಂಕದಕಟ್ಟೆಗೆ ಬಂದು ಮೆಜೆಸ್ಟಿಕ್ ಬಸ್ಸು ಹತ್ತುತ್ತಾರೆ. ಇಳಿಯುವುದು ಕೆಂಪೇಗೌಡ ಬಸ್ ನಿಲ್ದಾಣದಲ್ಲಿ. ಅಲ್ಲಿ ಹಿಂದೆ ಇದ್ದದ್ದು ಧರ್ಮಾಂಬುಧಿ ಕೆರೆ. ಕಟ್ಟಿಸಿದವರು ಆ ಗೌಡರೇ ಅಂತ ಪ್ರತೀತಿ. ಅದೇ ರೋಡಿನಲ್ಲಿ ಎದುರು ದಿಕ್ಕಿನ ಬಸ್ಸು ಹತ್ತಿದರೆ ಮಾಗಡಿ. ಆ ತಾಲ್ಲೂಕಿನ ಕೆಂಪಾಪುರದಲ್ಲಿ ಗೌಡರ ಗೋರಿ. ಗೌಡರು ತೀರಿಕೊಂಡದ್ದು 1569ರಲ್ಲಿ. ಗೋರಿ ಅವರದೇ ಅಂತ ಪತ್ತೆಯಾದದ್ದು 2015ರ ಮಾರ್ಚಿನಲ್ಲಿ. ಲೆಕ್ಕ ಹಾಕಿ ಸ್ವಾಮಿ, 446 ವರ್ಷ!

ಈ ಮನೆತನದ ಜಾಡು ಹಿಡಿಯುವುದು ಸುಲಭದ ಮಾತಲ್ಲ. ಹಿರಿಯ ಕೆಂಪೇಗೌಡ, ಇಮ್ಮಡಿ ಕೆಂಪೇಗೌಡ, ಮುಮ್ಮಡಿ ಕೆಂಪವೀರಗೌಡ ಅಂತ ಹೆಸರು ಕೆಳಗಿಳಿದು ಬಂದಿದೆ. ಊರಿನ ನಾಲ್ಕು ದಿಕ್ಕಿನ ಗಡಿಗೋಪುರ ಯಾರದು ಅಂದರೆ ಒಬ್ಬರು ಹಿರಿಯರ ಹೆಸರು ಹೇಳುತ್ತಾರೆ, ಇನ್ನೊಬ್ಬರು ಇಮ್ಮಡಿಯ ಹೆಸರು. ಕೈಗೆ ಸಿಗುವ ಗಟ್ಟಿ ದಾಖಲೆ ಅಂದರೆ ಕಲ್ಲು. ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಟ್ಟುಮಾಡಿ 1905ರಲ್ಲಿ ಅಚ್ಚು ಹಾಕಿಸಿದರು. ಮಿಕ್ಕದ್ದು ಬಾಯಿಂದ ಬಾಯಿಗೆ ಬಂದದ್ದು.

ಮೂಲಪುರುಷ ರಣಭೈರೇಗೌಡ. ಕಂಚಿ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದು ದೇವನಹಳ್ಳಿ ಹತ್ತಿರದ ಆವತಿಯಲ್ಲಿ ನಿಂತವನು ಅಂತ ಮನೆತನದ ಕಥೆ. ಒಂದು ಕವಲು ಯಲಹಂಕಕ್ಕೆ ಬಂದು ನಾಡಪ್ರಭುಗಳಾಯಿತು. ಆ ಕವಲಿನ ಹಿರಿಯ ಕೆಂಪೇಗೌಡರು ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 1537ರಲ್ಲಿ, ಮಣ್ಣಿನ ಕೋಟೆ ಕಟ್ಟಿ ಪೇಟೆ ಹಾಕಿಸಿದರು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ ಅಂತ ಕಸುಬಿಗೊಂದು ಬೀದಿ. ವ್ಯಾಪಾರಸ್ಥರು ಇವತ್ತಿಗೂ ಅದೇ ಹೆಸರು ಹೇಳಿ ವಿಳಾಸ ಕೊಡುತ್ತಾರೆ.

ಆಮೇಲೆ ಗೌಡರು ತಮ್ಮದೇ ನಾಣ್ಯ ಟಂಕಿಸಿದರು. ಭೈರವನ ಹೆಸರಿನ ನಾಣ್ಯ. ಸಾಮಂತ ನಾಣ್ಯ ಹೊಡೆಸಿದರೆ ದೊರೆ ಸುಮ್ಮನಿರುತ್ತಾನೆಯೇ? ವಿಜಯನಗರದ ರಾಮರಾಯ ಹಿಡಿಸಿ ಆನೆಗೊಂದಿ ಸೆರೆಗೆ ಹಾಕಿಸಿದ, ಸೀಮೆ ಕಿತ್ತುಕೊಂಡ. ಐದು ವರ್ಷ ಒಳಗಿದ್ದು ಬಂದ ಮೇಲೆ ಸೀಮೆ ವಾಪಸು ಸಿಕ್ಕಿತು.

ಮೊರಸು ಒಕ್ಕಲಿಗರಲ್ಲಿ ಬಂಡಿದೇವರ ಪೂಜೆಗೆ ಹೆಂಗಸರ ಎಡಗೈ ಬೆರಳು ಕತ್ತರಿಸುವ ಪದ್ಧತಿ ಇತ್ತು. ಅದನ್ನು ನಿಲ್ಲಿಸಿದವರು ಕೆಂಪೇಗೌಡರು ಅನ್ನುತ್ತಾರೆ. ಆದರೆ 1800ರಲ್ಲಿ ಈ ಸೀಮೆ ಸುತ್ತಿದ ಬ್ಯೂಕನನ್ ಸಾಹೇಬ ಆ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಎರಡೂ ಸುಳ್ಳಾಗಬೇಕಿಲ್ಲ. ಗೌಡರ ಮಾತು ತಮ್ಮ ಮನೆಯಲ್ಲಿ ನಡೆದಿರಬೇಕು, ಸೀಮೆಯಲ್ಲೆಲ್ಲಾ ನಡೆಯಲಿಲ್ಲ. ಅಷ್ಟೂ ದಿನ ಬೆರಳು ಕೊಟ್ಟ ಹೆಂಗಸರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

1569ರಲ್ಲಿ ಕುಣಿಗಲ್ ಕಡೆಯಿಂದ ವಾಪಸು ಬರುವಾಗ ಜಡೇಗೇನಹಳ್ಳಿಯಲ್ಲಿ ಗೌಡರು ಪ್ರಾಣಬಿಟ್ಟರು. ಆ ಹಳ್ಳಿಯೇ ಕೆಂಪಾಪುರ. ಸುಳಿವು ಊರಿನ ಹೆಸರಿನಲ್ಲೇ ಇತ್ತು, ಓದಿದವರಿರಲಿಲ್ಲ.

1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾಯಿತು, ಮನೆತನ ಮಾಗಡಿಗೆ ಸರಿಯಿತು. 1728ರಲ್ಲಿ ಮೈಸೂರಿನವರು ಮಾಗಡಿಯನ್ನೂ ಹಿಡಿದರು. ಮುಮ್ಮಡಿ ಕೆಂಪವೀರಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ.

ಏರ್‌ಪೋರ್ಟಿನಲ್ಲಿ 2022ರಲ್ಲಿ ನಿಲ್ಲಿಸಿದ 108 ಅಡಿಯ ಪ್ರತಿಮೆಯನ್ನು ಎಲ್ಲರೂ ಕಂಡಿದ್ದಾರೆ. ಶಿವಗಂಗೆಯ ಗಂಗಾಧರೇಶ್ವರ ಗುಡಿಯಲ್ಲಿ ಇನ್ನೊಂದಿದೆ, ಚಿಕ್ಕ ಲೋಹದ ವಿಗ್ರಹ. 1609ರದು ಅನ್ನುತ್ತಾರೆ. ಗೌಡರು ಹೋಗಿ 40 ವರ್ಷ ಆಗಿತ್ತು. ಅವರನ್ನು ಕಣ್ಣಾರೆ ಕಂಡ ಮುದುಕರು ಒಬ್ಬಿಬ್ಬರಾದರೂ ಆಗ ಇದ್ದಿರಬೇಕು.